ತೂಕ ಇಳಿದಿಲ್ಲ, ಆದರೆ ಅಂಗಿ ದೊಗಳೆ ಆಗಿದೆ

ಓದುಗರ ಪ್ರಶ್ನೆ, ಡಯಟಿಷಿಯನ್ ಉತ್ತರ

ಪ್ರಶ್ನೆ: ನಮ್ಮ ಅಪ್ಪಯ್ಯನಿಗೆ 63 ವರ್ಷ. ಮೂರೂವರೆ ವರ್ಷದಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗುತ್ತಿದೆ. ಮೊದಲು ಬೋಟಿನಲ್ಲಿ ಬಲೆ ಎಳೆಯುತ್ತಿದ್ದವರು, ಗಟ್ಟಿ ಆಳು. ಈಗ ಬಸ್ಸಿನ ಮೆಟ್ಟಿಲು ಹತ್ತಲು ಕಂಡಕ್ಟರ್ ಕೈ ಹಿಡಿಯಬೇಕು. ಕೆಳಗೆ ಕೂತರೆ ಏಳಲು ಆಗುವುದಿಲ್ಲ. ತೊಡೆ ಸಣ್ಣಗಾಗಿದೆ, ಅಂಗಿ ದೊಗಳೆಯಾಗಿದೆ. ಆದರೆ ಡಯಾಲಿಸಿಸ್ ಮುಗಿದ ಮೇಲಿನ ತೂಕ ಒಂದೂವರೆ ವರ್ಷದಿಂದ 58 ಕೆ.ಜಿ.ಯೇ ಇದೆ. ಕ್ರಿಯಾಟಿನಿನ್ 11ರಿಂದ 7ಕ್ಕೆ ಇಳಿದಿದೆ. ಕಿಡ್ನಿ ಸುಧಾರಿಸುತ್ತಿದೆ ಅಂತ ಮನೆಯವರಿಗೆಲ್ಲ ಖುಷಿ. ನಾವು ಪಥ್ಯ ಚೆನ್ನಾಗಿ ಮಾಡುತ್ತಿದ್ದೇವೆ. ಮೊದಲು ಕೊಟ್ಟ ಚಾರ್ಟ್ ಅಡುಗೆಮನೆ ಗೋಡೆಯಲ್ಲೇ ಇದೆ. ಮೀನು, ಮೊಟ್ಟೆ, ಬೇಳೆ ಎಲ್ಲ ಬಿಡಿಸಿದ್ದೇವೆ. ಎರಡು ಹೊತ್ತು ಕುಚ್ಚಲಕ್ಕಿ ಗಂಜಿ, ಜೊತೆಗೆ ಚೂರು ಉಪ್ಪಿನಕಾಯಿ. ಶಕ್ತಿ ಬರಲಿ ಅಂತ ಎಳನೀರು ಕೊಡಬಹುದಾ?
– ಹೆಸರು ಬೇಡ, ಕುಂದಾಪುರ ತಾಲೂಕು

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ. ಎಳನೀರು ಬೇಡ. ಒಂದು ಲೋಟವೂ ಬೇಡ. ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ. ಕಿಡ್ನಿ ಕೆಲಸ ಮಾಡದವರಲ್ಲಿ ಅದು ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸುತ್ತದೆ, ನಿಲ್ಲಿಸಲೂಬಹುದು. ನಿಮ್ಮ ಕಡೆ ಮೀನು ಸಾರಿಗೆ ಧಾರೆಹುಳಿ ಹಾಕುವ ಮನೆಗಳಿವೆ. ಕೆಲವರು ಅದನ್ನು ಕಮರಾಕ್ಷಿ ಅನ್ನುತ್ತಾರೆ. ಅದನ್ನಂತೂ ಅಪ್ಪಯ್ಯನ ತಟ್ಟೆಯ ಹತ್ತಿರವೂ ತರಬೇಡಿ. ಕಿಡ್ನಿ ರೋಗಿಗಳಿಗೆ ಅದು ವಿಷ. ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೊನೆಗೆ ಜೀವಕ್ಕೇ ಅಪಾಯ.

ಈಗ ನಿಮ್ಮ ಪತ್ರದ ಮುಖ್ಯ ವಿಷಯ. ನಾನು ಡಯಾಲಿಸಿಸ್ ವಾರ್ಡಿನಲ್ಲಿ ಡಯಟಿಷಿಯನ್ ಆಗಿ 22 ವರ್ಷ ಆಯಿತು. ನೀವು ಖುಷಿಯ ಸುದ್ದಿ ಅಂತ ಬರೆದ ಎರಡು ಸಾಲು ಓದಿ ನನಗೆ ಭಯವೇ ಆಯಿತು. ತೂಕ ಇಳಿದಿಲ್ಲ, ಕ್ರಿಯಾಟಿನಿನ್ ಇಳಿದಿದೆ. ಎರಡೂ ಒಳ್ಳೆಯದಲ್ಲ, ಅಮ್ಮಾ.

ಕ್ರಿಯಾಟಿನಿನ್ ಎಲ್ಲಿಂದ ಬರುತ್ತದೆ ಗೊತ್ತಾ? ನಮ್ಮ ಮಾಂಸಖಂಡಗಳಿಂದ. ಮಾಂಸಖಂಡ ಎಷ್ಟಿದೆಯೋ ಅಷ್ಟು ಕ್ರಿಯಾಟಿನಿನ್ ದಿನಾ ಹುಟ್ಟುತ್ತದೆ. ಕಿಡ್ನಿ ಅದನ್ನು ಹೊರಗೆ ಹಾಕುತ್ತದೆ. ಡಯಾಲಿಸಿಸ್ ಶುರುವಾಗುವ ಮುಂಚೆ ಆ ನಂಬರ್ ಕಿಡ್ನಿಯ ಕಥೆ ಹೇಳುತ್ತಿತ್ತು. ಈಗ ಮೂರೂವರೆ ವರ್ಷದ ಮೇಲೆ, ವಾರಕ್ಕೆ ಅದೇ ಎರಡು ಸಲ, ಅದೇ ನಾಲ್ಕು ಗಂಟೆ ಮಷೀನ್ ನಡೆಯುತ್ತಿರುವಾಗ, ಆ ನಂಬರ್ ಮೆಲ್ಲಗೆ ಇಳಿದರೆ ಅದು ಮಾಂಸಖಂಡದ ಕಥೆ. ಹುಟ್ಟುವುದೇ ಕಡಿಮೆಯಾಗಿದೆ. ಮೂತ್ರವೂ ಮೊದಲಿಗಿಂತ ಜಾಸ್ತಿ ಆಗುತ್ತಿದ್ದರೆ ಮಾತು ಬೇರೆ, ಡಾಕ್ಟರಿಗೆ ಹೇಳಿ. ಆದರೆ ತೊಡೆ ಸಣ್ಣಗಾಗಿದೆ ಅಂತ ನೀವೇ ಬರೆದಿದ್ದೀರಿ. ಅಲ್ಲೇ ಉತ್ತರ ಇದೆ, ಅಲ್ವಾ?

ಹಾಗಾದರೆ ತೂಕ ಯಾಕೆ ಇಳಿಯಲಿಲ್ಲ? ಇದನ್ನು ನನಗೆ ಕಲಿಸಿದ್ದು ಪುಸ್ತಕ ಅಲ್ಲ, ನನ್ನ ದೊಡ್ಡಮ್ಮ. ಅವರು ಐದು ವರ್ಷ ಡಯಾಲಿಸಿಸ್‌ನಲ್ಲಿದ್ದರು. ಡ್ರೈ ವೇಟ್, ಅಂದರೆ ಮೈಯಲ್ಲಿ ಹೆಚ್ಚಾದ ನೀರು ತೆಗೆದ ಮೇಲೆ ಇರಬೇಕಾದ ತೂಕ, 49 ಕೆ.ಜಿ. ಅಂತ ಶೀಟಿನಲ್ಲಿ ಬರೆದಿತ್ತು. ಪ್ರತಿ ಸಲ ಮಷೀನ್ 49ಕ್ಕೆ ತಂದು ಬಿಡುತ್ತಿತ್ತು. ನಾನು ಫೋನ್ ಮಾಡಿ ತೂಕ ಎಷ್ಟು ಅಂತ ಕೇಳುತ್ತಿದ್ದೆ, 49 ಅನ್ನುತ್ತಿದ್ದರು, ನಾನು ಸಮಾಧಾನದಿಂದ ಫೋನ್ ಇಡುತ್ತಿದ್ದೆ. ಒಂದು ಗೌರಿ ಹಬ್ಬದ ದಿನ ಅವರ ಮನೆಗೆ ಹೋದೆ. ಬಾಗಿನ ಕೊಡಲು ಅವರು ಕೈ ಎತ್ತಿದರು. ಬಳೆಗಳು ಮಣಿಕಟ್ಟಿನಿಂದ ಸರ್ರನೆ ಮೊಣಕೈವರೆಗೆ ಜಾರಿದವು. ಆ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಮುಂದಿನ ವಾರವೇ ಉಸಿರು ಕಟ್ಟಿ ಆಸ್ಪತ್ರೆ ಸೇರಿದರು. ಎರಡು ವಾರ ಸ್ವಲ್ಪ ಸ್ವಲ್ಪವೇ ನೀರು ತೆಗೆದ ಮೇಲೆ ನಿಜವಾದ ತೂಕ 44 ಅಂತ ಗೊತ್ತಾಯಿತು. ಐದು ಕೆ.ಜಿ. ಮೈ ಕರಗಿ ಹೋಗಿತ್ತು, ಆ ಜಾಗದಲ್ಲಿ ನೀರು ತುಂಬಿತ್ತು. ತಕ್ಕಡಿಗೆ ಮಾಂಸವೂ ಒಂದೇ, ನೀರೂ ಒಂದೇ. ಊರಿನವರಿಗೆಲ್ಲ ಸಲಹೆ ಕೊಡುವ ನಾನು ಒಂದು ಸಲವೂ ಅವರ ತೋಳು ಮುಟ್ಟಿ ನೋಡಿರಲಿಲ್ಲ. ಅದಕ್ಕೇ ಈಗ ವಾರ್ಡಿನಲ್ಲಿ ಮೊದಲು ತೋಳು, ತೊಡೆ ಮುಟ್ಟುತ್ತೇನೆ. ರಿಪೋರ್ಟ್ ಆಮೇಲೆ.

ನಿಮ್ಮ ಅಪ್ಪಯ್ಯನಿಗೂ ಹೀಗೇ ಆಗಿರುವ ಸಾಧ್ಯತೆ ಇದೆ. ಬಿ.ಪಿ. ಏರುತ್ತಿದೆಯಾ, ರಾತ್ರಿ ಮಲಗಿದಾಗ ಉಸಿರು ಕಟ್ಟುತ್ತದಾ, ಕಾಲು ಊದುತ್ತದಾ ನೋಡಿ. ಮುಂದಿನ ಸಲ ಹೋದಾಗ ಡಾಕ್ಟರ್ ಹತ್ತಿರ ‘ಡ್ರೈ ವೇಟ್ ಮತ್ತೆ ನೋಡಿ, ಅಪ್ಪಯ್ಯ ಸೊರಗಿದ್ದಾರೆ’ ಅಂತ ಬಾಯಿಬಿಟ್ಟು ಹೇಳಿ. ಅವರು ದಿನಕ್ಕೆ ಎಷ್ಟೋ ಜನರನ್ನು ನೋಡುತ್ತಾರೆ. ಅಂಗಿ ದೊಗಳೆಯಾದದ್ದು ಮನೆಯವರ ಕಣ್ಣಿಗೇ ಮೊದಲು ಕಾಣುವುದು.

ಇನ್ನು ಗೋಡೆಯ ಮೇಲಿನ ಆ ಚಾರ್ಟ್. ದಯವಿಟ್ಟು ಅದನ್ನು ಇವತ್ತೇ ತೆಗೆಯಿರಿ. ಅದನ್ನು ಬರೆದವರದ್ದು ತಪ್ಪಲ್ಲ. ಡಯಾಲಿಸಿಸ್‌ಗೆ ಮುಂಚೆ ಕಿಡ್ನಿಯ ಹೊರೆ ಇಳಿಸಲು ಪ್ರೋಟೀನ್ ಕಡಿಮೆ ಮಾಡಿಸುತ್ತಾರೆ, ಮೈತೂಕದ ಕೆ.ಜಿ.ಗೆ 0.6 ಗ್ರಾಂ ಆಸುಪಾಸು. ಡಯಾಲಿಸಿಸ್ ಶುರುವಾದ ದಿನದಿಂದ ಲೆಕ್ಕ ತಿರುಗುತ್ತದೆ. ಕೆ.ಜಿ.ಗೆ 1ರಿಂದ 1.2 ಗ್ರಾಂ ಬೇಕು, ಹೆಚ್ಚೂಕಡಿಮೆ ಎರಡು ಪಟ್ಟು. ಹಳೆ ಚಾರ್ಟ್ ಹರಿದು ಹೊಸದು ಅಂಟಿಸಿ ಅಂತ ಎಷ್ಟೋ ಮನೆಗಳಲ್ಲಿ ಯಾರೂ ಹೇಳಿರುವುದಿಲ್ಲ. ನಾನು ನೋಡುವ ರೋಗಿಗಳಲ್ಲಿ ಮಾಂಸಖಂಡ ಕರಗುವುದಕ್ಕೆ ಈ ಹಳೆ ಚಾರ್ಟ್ ದೊಡ್ಡ ಕಾರಣ. ಪ್ರೀತಿಯಿಂದ, ಕಷ್ಟಪಟ್ಟು, ಮನೆಯವರೇ ಉಪವಾಸ ಹಾಕುತ್ತಿರುತ್ತಾರೆ.

ಲೆಕ್ಕ ಹಾಕೋಣ. ಎರಡು ಹೊತ್ತಿನ ಗಂಜಿಗೆ 100 ಗ್ರಾಂ ಅಕ್ಕಿ ಅಂದುಕೊಳ್ಳಿ. ಅದರಲ್ಲಿ ಪ್ರೋಟೀನ್ 7-8 ಗ್ರಾಂ. ಬೇಕಾದದ್ದು ದಿನಕ್ಕೆ 58ರಿಂದ 70 ಗ್ರಾಂ. ಅದರ ಮೇಲೆ ಒಂದು ಸಲದ ಡಯಾಲಿಸಿಸ್‌ನಲ್ಲಿ ರಕ್ತ ಡಯಲೈಸರ್ ಅನ್ನುವ ಸೋಸುವ ಕೊಳವೆಯ ಒಳಗೆ ಹೋಗಿ ಬರುವಾಗ ಕಸದ ಜೊತೆ ಒಳ್ಳೆಯದೂ ಹೋಗುತ್ತದೆ. 6ರಿಂದ 12 ಗ್ರಾಂ ಅಮೈನೋ ಆಸಿಡ್, ಅಂದರೆ ಪ್ರೋಟೀನಿನ ಇಟ್ಟಿಗೆಗಳು. ಇಡೀ ದಿನದ ಗಂಜಿ ಆ ಒಂದು ನಷ್ಟಕ್ಕೇ ಸರಿಹೋಯಿತು. ಉಳಿದ ಕೊರತೆಯನ್ನು ದೇಹ ತನ್ನ ತೊಡೆಯಿಂದ, ತೋಳಿನಿಂದ ಕಿತ್ತುಕೊಳ್ಳುತ್ತದೆ. ಬಲೆ ಎಳೆದು ಗಳಿಸಿದ ಮೈ ಹಾಗೆ ಖರ್ಚಾಗುತ್ತಿದೆ.

ಗಂಜಿಯ ಇನ್ನೊಂದು ತೊಂದರೆ, ಅದು ಪೂರ್ತಿ ನೀರು. ಕುಡಿಯುವ ನೀರು ಅಳೆದು ಕೊಡುತ್ತೀರಿ, ಗಂಜಿತಿಳಿಯನ್ನು ಯಾರೂ ಅಳೆಯುವುದಿಲ್ಲ. ಉಪ್ಪಿನಕಾಯಿ ಬಾಯಾರಿಕೆ ತರುತ್ತದೆ. ನಮ್ಮ ಕರಾವಳಿಯಲ್ಲಿ ಹುಷಾರಿಲ್ಲ ಅಂದರೆ ಗಂಜಿ, ಅದು ನಮ್ಮ ರಕ್ತದಲ್ಲೇ ಇದೆ. ಜ್ವರಕ್ಕೆ ಸರಿ. ವರ್ಷಗಟ್ಟಲೆ ನಡೆಯುವ ಡಯಾಲಿಸಿಸ್‌ಗೆ ಸಾಕಾಗುವುದಿಲ್ಲ. ಅದೇ ಕುಚ್ಚಲಕ್ಕಿಯನ್ನು ಬಸಿದು ಅನ್ನ ಮಾಡಿ ಕೊಡಿ.

ಅನ್ನದ ಜೊತೆ ಮೀನು ಕೊಡಿ. ಹೌದು, ಮೀನು. ಕೇಳಿದರೆ ಅಪ್ಪಯ್ಯನ ಮುಖ ಅರಳುತ್ತದೆ ಅಂತ ನನಗೆ ಗೊತ್ತು. ಬಂಗುಡೆ ಅಥವಾ ಕಾಣೆ, ಸುಮಾರು 100 ಗ್ರಾಂ ತುಂಡು, ಅದರಲ್ಲಿ 20 ಗ್ರಾಂ ಪ್ರೋಟೀನ್. ತುಂಡು ತಿನ್ನಲಿ, ಸಾರು ಕಡಿಮೆ ಇರಲಿ. ಬೂತಾಯಿಯ ಮುಳ್ಳು ಜಗಿದು ತಿನ್ನುವ ಅಭ್ಯಾಸ ಇದ್ದರೆ ಬಿಡಿಸಿ, ಮುಳ್ಳಿನಲ್ಲಿ ಫಾಸ್ಫರಸ್ ತುಂಬಾ, ಅದೂ ಪೊಟ್ಯಾಸಿಯಂ ತರ ರಕ್ತದಲ್ಲೇ ಉಳಿಯುತ್ತದೆ. ಒಣಮೀನು ಬೇಡ, ಉಪ್ಪು. ಬೆಳಿಗ್ಗೆ ಎರಡು ಇಡ್ಲಿ ಜೊತೆ ಎರಡು ಮೊಟ್ಟೆಯ ಬಿಳಿ ಭಾಗ, ಅಲ್ಲಿಗೆ 11 ಗ್ರಾಂ ಆಯಿತು. ಮೊಟ್ಟೆಯ ಬಿಳಿ ಡಯಾಲಿಸಿಸ್‌ನವರಿಗೆ ತುಂಬಾ ಒಳ್ಳೆಯದು. ಪ್ರೋಟೀನ್ ಇದೆ, ಫಾಸ್ಫರಸ್ ಇಲ್ಲವೇ ಇಲ್ಲ ಅನ್ನಬಹುದು. ಸಂಜೆ ಒಂದು ಇಡೀ ಮೊಟ್ಟೆ, 6 ಗ್ರಾಂ. ರಾತ್ರಿ ಎರಡು ಚಪಾತಿ, ಒಂದು ಬಟ್ಟಲು ಗಟ್ಟಿ ಬೇಳೆ, ಚೂರು ಮೊಸರು, ಇವೆಲ್ಲ ಸೇರಿ 15-16. ಮಧ್ಯಾಹ್ನದ ಅನ್ನದ್ದೂ ಸೇರಿಸಿದರೆ 60ರ ಹತ್ತಿರ ಬಂತು. ಬೇಳೆಯನ್ನು ನೆನೆಸಿ, ಜಾಸ್ತಿ ನೀರಿನಲ್ಲಿ ಬೇಯಿಸಿ, ಕಟ್ಟು ಚೆಲ್ಲಿ, ಆಮೇಲೆ ಒಗ್ಗರಣೆ ಹಾಕಿ. ತರಕಾರಿಯೂ ಹಾಗೇ, ಹೆಚ್ಚಿ ಬೇಯಿಸಿ ನೀರು ಚೆಲ್ಲಿ. ಪೊಟ್ಯಾಸಿಯಂ ಆ ನೀರಿನ ಜೊತೆ ಹೋಗುತ್ತದೆ. ಫಾಸ್ಫರಸ್ ಕಡಿಮೆ ಮಾಡುವ ಮಾತ್ರೆ ಬರೆದುಕೊಟ್ಟಿದ್ದರೆ ಊಟದ ಮಧ್ಯೆಯೇ ನುಂಗಲಿ. ಊಟ ಆಗಿ ಒಂದು ಗಂಟೆ ಬಿಟ್ಟು ನುಂಗಿದರೆ ಪ್ರಯೋಜನ ಇಲ್ಲ.

ಎಣ್ಣೆ, ತುಪ್ಪಕ್ಕೆ ಹೆದರಬೇಡಿ. ಹೊಟ್ಟೆಗೆ ಬೇಕಾದಷ್ಟು ಕ್ಯಾಲರಿ ಬೀಳದಿದ್ದರೆ ದೇಹ ಪ್ರೋಟೀನನ್ನೇ ಸೌದೆ ಮಾಡಿ ಉರಿಸುತ್ತದೆ. ಕೆ.ಜಿ.ಗೆ 25ರಿಂದ 35 ಕ್ಯಾಲರಿ ಬೇಕು, ಅಪ್ಪಯ್ಯನಿಗೆ ದಿನಕ್ಕೆ 1,450ರ ಮೇಲೆ. ಸಕ್ಕರೆ ಕಾಯಿಲೆ ಇದೆಯಾ ಇಲ್ಲವಾ ನೀವು ಬರೆದಿಲ್ಲ. ಇದ್ದರೆ ಸಿಹಿಯ ವಿಷಯ ಡಾಕ್ಟರ್ ಹೇಳಿದಂತೆ ಮಾಡಿ.

ಡಯಾಲಿಸಿಸ್ ದಿನ ಏನು ತಿನ್ನುತ್ತಾರೆ ಅನ್ನುವುದು ನನಗೆ ಬಹಳ ಮುಖ್ಯ. ನನ್ನ ಹೆಚ್ಚಿನ ರೋಗಿಗಳು ಬೆಳಿಗ್ಗೆ ಆರರ ಬಸ್ಸಿಗೆ ಒಂದು ಲೋಟ ಚಾ ಕುಡಿದು ಹೊರಡುತ್ತಾರೆ. ಮನೆಗೆ ಬಂದಾಗ ಎರಡು ಗಂಟೆ. ಸುಸ್ತಾಗಿ ಮಲಗಿಬಿಡುತ್ತಾರೆ. ಎದ್ದಾಗ ಸಂಜೆ. ವಾರದಲ್ಲಿ ಎರಡು ದಿನ ಹೀಗೆ ಪೂರ್ತಿ ಉಪವಾಸ, ಅದೂ ದೇಹದಿಂದ ಪ್ರೋಟೀನ್ ಹೊರಗೆ ಹೋಗುವ ದಿನವೇ. ಒಂದು ಡಬ್ಬಿ ಕಟ್ಟಿಕೊಡಿ. ಇಡ್ಲಿ, ಎರಡು ಬೇಯಿಸಿದ ಮೊಟ್ಟೆ. ಮಷೀನಿನಲ್ಲಿ ಇರುವಾಗ ತಿಂದರೆ ಕೆಲವರಿಗೆ ಬಿ.ಪಿ. ಬೀಳುತ್ತದೆ, ಹಾಗಾಗಿ ಟೆಕ್ನಿಷಿಯನ್ ಅಥವಾ ನರ್ಸ್ ಹತ್ತಿರ ಕೇಳಿ. ಅಲ್ಲಿ ಬೇಡ ಅಂದರೆ ಹೋಗುವ ಮುಂಚೆ ಅರ್ಧ, ಮುಗಿದು ಬಿ.ಪಿ. ನೋಡಿದ ಮೇಲೆ ಅರ್ಧ.

ಊಟ ಒಂದೇ ಕಾರಣ ಅಲ್ಲ. ರಕ್ತದಲ್ಲಿ ಆಮ್ಲ ಜಾಸ್ತಿಯಾದರೂ ಮಾಂಸಖಂಡ ಒಡೆಯುತ್ತದೆ. ಆ ಆಮ್ಲವನ್ನು ತಗ್ಗಿಸುವ ಬೈಕಾರ್ಬನೇಟ್ ರಿಪೋರ್ಟಿನಲ್ಲಿ 22ಕ್ಕಿಂತ ಕೆಳಗಿದೆಯಾ ಅಂತ ಡಾಕ್ಟರ್ ಹತ್ತಿರ ಕೇಳಿ. ಮೈಯಲ್ಲಿ ಎಲ್ಲೋ ಒಂದು ಕಡೆ ಸಣ್ಣಗೆ ಸೋಂಕು ಉಳಿದಿದ್ದರೂ ತಿಂದದ್ದು ಮೈಗೆ ಹತ್ತುವುದಿಲ್ಲ. ಕತ್ತಿನ ಕ್ಯಾತಿಟರ್ (ಡಯಾಲಿಸಿಸ್‌ಗೆ ಹಾಕಿದ ನಳಿಕೆ), ಕಾಲಿನ ಹುಣ್ಣು, ಹುಳುಕು ಹಲ್ಲು ಎಲ್ಲ ನೋಡಿ. ಹಲ್ಲನ್ನು ಯಾರೂ ನೋಡುವುದಿಲ್ಲ, ನಾನು ಕೇಳಿಯೇ ಕೇಳುತ್ತೇನೆ. ವಾರಕ್ಕೆ ಎರಡು ಡಯಾಲಿಸಿಸ್ ಅವರಿಗೆ ಸಾಕಾಗುತ್ತಿದೆಯಾ ಅನ್ನುವುದನ್ನೂ ಕೇಳಬೇಕು. ಮೂತ್ರ ಪೂರ್ತಿ ನಿಂತವರಿಗೆ ಸಾಮಾನ್ಯವಾಗಿ ಮೂರು ಬೇಕು. ಕಸ ಉಳಿದರೆ ಬಾಯಿ ರುಚಿ ಸಾಯುತ್ತದೆ, ಎಷ್ಟು ಒಳ್ಳೆಯ ಮೀನು ಇಟ್ಟರೂ ತಟ್ಟೆ ಹಾಗೇ ಉಳಿಯುತ್ತದೆ.

ಈಗ ಕಾಲಿನ ಕೆಲಸ. ಬರೀ ತಿಂದರೆ ಮಾಂಸಖಂಡ ಬರುವುದಿಲ್ಲ. ಗೋಡೆಗೆ ತಾಗಿಸಿ ಒಂದು ಗಟ್ಟಿ ಕುರ್ಚಿ ಇಡಿ. ಅಪ್ಪಯ್ಯ ಕೈಗಳನ್ನು ಎದೆಗೆ ಕಟ್ಟಿಕೊಂಡು ಐದು ಸಲ ಎದ್ದು ಕೂರಲಿ, ನೀವು ಪಕ್ಕದಲ್ಲಿ ನಿಂತು ಮೊಬೈಲಿನಲ್ಲಿ ಸಮಯ ನೋಡಿ. ಏಷ್ಯಾದವರಿಗೆ ಇಟ್ಟಿರುವ ಅಳತೆಯಲ್ಲಿ 12 ಸೆಕೆಂಡ್ ಅಥವಾ ಜಾಸ್ತಿ ಹಿಡಿದರೆ ಶಕ್ತಿ ಕುಗ್ಗಿದೆ ಅಂತ ಅರ್ಥ. ಕೈ ಊರದೆ ಏಳಲು ಆಗದಿದ್ದರೆ ಬೇಜಾರು ಬೇಡ. ಕೈ ಊರಿಯೇ ಮೂರು ಸಲ ಏಳಲಿ. ಬೆಳಿಗ್ಗೆ ಮೂರು, ಸಂಜೆ ಮೂರು. ಮುಂದಿನ ವಾರ ನಾಲ್ಕು. ಕ್ಯಾಲೆಂಡರಿನಲ್ಲಿ ಬರೆದಿಡಿ. ಆಮೇಲೆ ಅಂಗಳದಲ್ಲಿ ನಡಿಗೆ. ಇಟಲಿಯಲ್ಲಿ ಡಯಾಲಿಸಿಸ್ ರೋಗಿಗಳಿಗೆ ಮನೆಯಲ್ಲೇ, ಡಯಾಲಿಸಿಸ್ ಇಲ್ಲದ ದಿನ, ಹತ್ತು ಹತ್ತು ನಿಮಿಷ ಎರಡು ಸಲ ನಿಧಾನಕ್ಕೆ ನಡೆಸಿದರು. ಆರು ತಿಂಗಳಾದ ಮೇಲೆ ಆರು ನಿಮಿಷದಲ್ಲಿ ಅವರು ನಡೆಯುವ ದೂರ ಸುಮಾರು 40 ಮೀಟರ್ ಹೆಚ್ಚಿತ್ತು. 40 ಮೀಟರ್ ಅಂದರೆ ಬಸ್ ಸ್ಟಾಪಿನಿಂದ ನಿಮ್ಮ ಮನೆ ಗೇಟಿನವರೆಗೆ ಇರಬಹುದು. ಜರ್ಮನಿಯಲ್ಲಿ 21 ಕೇಂದ್ರಗಳಲ್ಲಿ ಮಷೀನಿನಲ್ಲಿ ಮಲಗಿರುವಾಗಲೇ ಒಂದು ವರ್ಷ ವ್ಯಾಯಾಮ ಮಾಡಿಸಿದರು. ಮಾಡಿದವರು ಒಂದು ನಿಮಿಷದಲ್ಲಿ ಮೊದಲಿಗಿಂತ ಜಾಸ್ತಿ ಸಲ ಎದ್ದು ಕೂತರು, ಮಾಡದವರು ಮೊದಲಿಗಿಂತ ಕಡಿಮೆ. ಮಷೀನಿನಲ್ಲಿ ಮಾಡುವುದಾದರೆ ಮೊದಲ ಎರಡು ಗಂಟೆಯ ಒಳಗೆ, ಡಾಕ್ಟರ್ ಒಪ್ಪಿದ ಮೇಲೆ, ಬರೀ ಕಾಲಿಗೆ. ಸೂಜಿ ಇರುವ ಕೈ ಅಲುಗಬಾರದು. ಜ್ವರ, ಎದೆನೋವು, ಉಬ್ಬಸ ಇದ್ದ ದಿನ, ಡಯಾಲಿಸಿಸ್ ತಪ್ಪಿದ ದಿನ ಏನೂ ಬೇಡ.

ಮೂರು ತಿಂಗಳು ಬಿಟ್ಟು ಮತ್ತೆ ಬರೆಯಿರಿ. ತೂಕ ಬರೆಯಬೇಡಿ. ಕುರ್ಚಿಯ ಸೆಕೆಂಡ್ ಬರೆಯಿರಿ, ಬಸ್ ಹತ್ತುವಾಗ ಕಂಡಕ್ಟರ್ ಕೈ ಹಿಡಿದರಾ ಇಲ್ಲವಾ ಅದನ್ನು ಬರೆಯಿರಿ.

ಪ್ರಶ್ನೆ: ನನಗೆ 38 ವರ್ಷ. ಎರಡು ವರ್ಷದಿಂದ ಮನೆಯಲ್ಲೇ ಹೊಟ್ಟೆಯ ಡಯಾಲಿಸಿಸ್ ಮಾಡಿಕೊಳ್ಳುತ್ತೇನೆ. ಶುದ್ಧ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಹೊಟ್ಟೆ ದಪ್ಪ ಆಗುತ್ತಿದೆ, ಕೈಕಾಲು ಕಡ್ಡಿ ಆಗುತ್ತಿದೆ. ಊಟ ಕಡಿಮೆ ಮಾಡಲಾ?
– ಗೃಹಿಣಿ, ಶಿರಸಿ

ಉತ್ತರ: ಬೇಡಮ್ಮಾ, ಊಟ ಕಡಿಮೆ ಮಾಡಿದರೆ ಕೈಕಾಲು ಇನ್ನೂ ಸೊರಗುತ್ತದೆ. ಹೊಟ್ಟೆ ದಪ್ಪ ಆಗುವುದು, ಡಯಾಲಿಸಿಸ್‌ಗೆ ಹೊಟ್ಟೆಯೊಳಗೆ ತುಂಬಿಸುವ ನೀರಿನ ಬ್ಯಾಗಿನಲ್ಲಿರುವ ಗ್ಲೂಕೋಸ್‌ನಿಂದ. ಎರಡೂವರೆ ಪರ್ಸೆಂಟಿನ ಎರಡು ಲೀಟರ್ ಬ್ಯಾಗಿನಲ್ಲಿ ಸುಮಾರು 45 ಗ್ರಾಂ ಗ್ಲೂಕೋಸ್ ಇರುತ್ತದೆ. ಅರ್ಧಕ್ಕಿಂತ ಜಾಸ್ತಿ ಮೈಗೆ ಸೇರುತ್ತದೆ. ಅದೇ ಹೊತ್ತಿಗೆ ಹೊರಗೆ ಬರುವ ನೀರಿನ ಜೊತೆ ದಿನಕ್ಕೆ 5ರಿಂದ 15 ಗ್ರಾಂ ಪ್ರೋಟೀನ್ ಹೋಗುತ್ತದೆ. ಹೊಟ್ಟೆಗೆ ಸೋಂಕು ಆದ ದಿನಗಳಲ್ಲಿ ಇನ್ನೂ ಜಾಸ್ತಿ. ಹಾಗಾಗಿ ಸಕ್ಕರೆ ನಿಮಗೆ ಕೇಳದೆಯೇ ಬರುತ್ತಿದೆ, ಪ್ರೋಟೀನ್ ಹೇಳದೆಯೇ ಹೋಗುತ್ತಿದೆ.

ಸಿಹಿ, ಕರಿದದ್ದು, ಎರಡನೇ ಸಲದ ಅನ್ನ ಕಡಿಮೆ ಮಾಡಿ. ಆ ಜಾಗಕ್ಕೆ ಪನೀರ್, ಬೇಳೆ, ಮೊಸರು, ಸೋಯಾ ಬರಲಿ. 100 ಗ್ರಾಂ ಪನೀರಿನಲ್ಲಿ 18 ಗ್ರಾಂ ಪ್ರೋಟೀನ್ ಇದೆ. ಒಣ ಸೋಯಾ ಉಂಡೆ 25 ಗ್ರಾಂ ತೂಗಿ ಬಿಸಿನೀರಿನಲ್ಲಿ ನೆನೆಸಿ, ಹಿಂಡಿ ಪಲ್ಯ ಮಾಡಿದರೆ 12-13 ಗ್ರಾಂ. ಹೆಸರುಕಾಳಿನ ಕೋಸಂಬರಿ ನಿಮ್ಮ ಕಡೆ ಮನೆಮನೆಯಲ್ಲೂ ಇದೆ, ಅದೂ ಆಗುತ್ತದೆ. ಪನೀರು, ಮೊಸರಿನ ಜೊತೆ ಫಾಸ್ಫರಸ್ ಏರಬಹುದು, ತಿಂಗಳ ರಿಪೋರ್ಟ್ ನೋಡಿಕೊಂಡು ಮಾತ್ರೆ ಹೊಂದಿಸಬೇಕು. ಒಂದು ಎಚ್ಚರಿಕೆ. ಹೊಟ್ಟೆಯಲ್ಲಿ ನೀರು ತುಂಬಿರುವಾಗ ಭಾರ ಎತ್ತುವುದು, ಹೊಟ್ಟೆ ಕರಗಿಸುವ ವ್ಯಾಯಾಮ ಬೇಡ, ಹರ್ನಿಯಾ ಆಗಬಹುದು. ನಡಿಗೆ ಮಾಡಿ. ಅರ್ಧ ಅರ್ಧ ಲೀಟರ್ ನೀರಿನ ಬಾಟಲಿ ಹಿಡಿದು ಕೂತಲ್ಲೇ ಕೈ ಮಡಚಿ ಬಿಡಿಸಿ, ಅಷ್ಟು ಸಾಕು.

ಪ್ರಶ್ನೆ: ಅಣ್ಣನಿಗೆ ಡಯಾಲಿಸಿಸ್. ನಾನು ಜಿಮ್‌ಗೆ ಹೋಗುತ್ತೇನೆ. ನನ್ನ ಪ್ರೋಟೀನ್ ಪೌಡರನ್ನೇ ಅವನಿಗೂ ಕೊಡಬಹುದಾ?
– ಓದುಗ, ಹಾಸನ

ಉತ್ತರ: ಕೊಡಬೇಡಿ. ಜಿಮ್ ಡಬ್ಬಗಳಲ್ಲಿ ಪೊಟ್ಯಾಸಿಯಂ, ಫಾಸ್ಫೇಟ್ ಬೆರೆಸಿರಬಹುದು. ಕೆಲವದರಲ್ಲಿ ಜಿಮ್‌ನವರು ಮಾಂಸಖಂಡಕ್ಕೆ ಅಂತ ತಿನ್ನುವ ಕ್ರಿಯೇಟಿನ್, ಗಿಡಮೂಲಿಕೆ ಸಾರ ಕೂಡ ಇರುತ್ತದೆ. ಊಟದಿಂದಲೇ ಸಾಕಾಗದಿದ್ದರೆ ಕಿಡ್ನಿ ರೋಗಿಗಳಿಗೇ ಅಂತ ಮಾಡಿದ ಪುಡಿ ಸಿಗುತ್ತದೆ. ಅದನ್ನು ತರುವಾಗ ಡಬ್ಬದ ಮೇಲೆ ಕಣ್ಣಿಟ್ಟು ಓದಿ. ಒಂದೇ ಕಂಪನಿ ಎರಡು ಬಗೆ ಮಾಡುತ್ತದೆ. ಪ್ರೋಟೀನ್ ಕಡಿಮೆ ಇರುವುದು ಡಯಾಲಿಸಿಸ್ ಇನ್ನೂ ಶುರುವಾಗದವರಿಗೆ, ಜಾಸ್ತಿ ಇರುವುದು ಡಯಾಲಿಸಿಸ್‌ನವರಿಗೆ. ಡಬ್ಬ ನೋಡಲು ಒಂದೇ ತರ. ಮೆಡಿಕಲ್ ಶಾಪಿನಲ್ಲಿ ‘ಕಿಡ್ನಿಯವರ ಪೌಡರ್ ಕೊಡಿ’ ಅಂದರೆ ಯಾವುದಾದರೂ ಒಂದು ಕೈಗೆ ಬರುತ್ತದೆ. ಹೋದ ತಿಂಗಳು ಒಬ್ಬರು ಎಂಟು ತಿಂಗಳಿಂದ ತಪ್ಪು ಡಬ್ಬ ಕುಡಿಯುತ್ತಿದ್ದದ್ದು ಗೊತ್ತಾಯಿತು. ‘ಡಯಾಲಿಸಿಸ್ ಆಗುತ್ತಿದೆ’ ಅಂತ ಹೇಳಿ ಕೇಳಿ. ಮನೆಗೆ ತಂದ ಮೇಲೆ ಮುಚ್ಚಳ ತೆಗೆಯುವ ಮುಂಚೆ ಅಣ್ಣನ ಡಯಟಿಷಿಯನ್‌ಗೆ ಅಥವಾ ಡಾಕ್ಟರಿಗೆ ಒಂದು ಸಲ ತೋರಿಸಿ.